ಅಜ್ಜಿ ಬಡಿಸಿದ ಎಲೆ

ಪದವಿಯ ಕೊನೆಯ ವರ್ಷದಲ್ಲಿ, ಕೋಲಾರದ ನಮ್ಮ ಕಾಲೇಜಿನ ಐವರು ಸೇರಿ ಒಂದು ಕಿರುಚಿತ್ರ ಮಾಡಿದೆವು. ಮಾಲೂರಿನ ಬಸ್ ನಿಲ್ದಾಣದ ಬಳಿ ಊಟದ ಹೋಟೆಲ್ ನಡೆಸುವ ದಂಪತಿಯ ಕಥೆ ಅದು. ಚಿತ್ರದ ಆರಂಭದಲ್ಲಿ ಹೆಸರುಗಳು ಮೂಡುವ ಭಾಗವನ್ನು ರೂಪಿಸುವ ಹೊಣೆ ನನ್ನ ಪಾಲಿಗೆ ಬಂತು. ಬಾಳೆಲೆಯ ಮೇಲೆ ಒಂದೊಂದು ಪದಾರ್ಥ ಬಿದ್ದಂತೆ ಪಕ್ಕದಲ್ಲಿ ಒಬ್ಬೊಬ್ಬರ ಹೆಸರು ಕಾಣಿಸಿಕೊಳ್ಳಬೇಕೆಂದು ಯೋಚಿಸಿದೆ. ಬಡಿಸುವ ಕೈಯೊಂದು ಬೇಕಿತ್ತು. ಶ್ರೀನಿವಾಸಪುರದ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ ನಮ್ಮೊಂದಿಗೇ ಇದ್ದ, ಅಮ್ಮನ ತಾಯಿಯನ್ನು ಕೇಳಿದೆ.

ಯಾರೂ ಕೂರದ ಎಲೆಗೆ ಬಡಿಸಲು ಅಜ್ಜಿ ಒಪ್ಪಲಿಲ್ಲ. ಇದು ಚಿತ್ರಕ್ಕಾಗಿ, ಊಟಕ್ಕಲ್ಲ ಎಂದು ವಿವರಿಸಿ ನೋಡಿದೆ.

“ಉಣ್ಣೋರಿಲ್ದೆ ಎಲೆ ಹಾಕೋದು ಯಾರಿಗ್ಲಾ? ನೀನು ಕೂತ್ಕೋ, ಆಮೇಲೆ ಬಡಿಸ್ತೀನಿ.”

ಎಲೆಯ ಮುಂದೆ ನಾನೇ ಕುಳಿತು, ಮೊಬೈಲನ್ನು ಎದೆಯ ಮಟ್ಟದಲ್ಲಿ ಹಿಡಿದು ಕೆಳಮುಖವಾಗಿ ಚಿತ್ರೀಕರಿಸಿದೆ. ಎದುರಿನಿಂದ ಬಗ್ಗಿದ ಅಜ್ಜಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಹುರುಳಿಕಾಯಿ ಪಲ್ಯ, ಒಬ್ಬಟ್ಟು ಎಲ್ಲವನ್ನೂ ಅವುಗಳ ಜಾಗಕ್ಕೇ ಬಡಿಸಿದಳು. ಮುಖ ಕಾಣಬಾರದೆಂದು ಎರಡು ಬಾರಿ ಅವಳನ್ನು ಹಿಂದಕ್ಕೆ ಸರಿಯುವಂತೆ ಹೇಳಿದವನು ನಾನೇ.

ಸಂಕಲನಕ್ಕೆ ಕುಳಿತಾಗ ತೊಡಕು ತಿಳಿಯಿತು. ಅಜ್ಜಿಯ ಕೈ ಪರದೆಯ ಎಡಗಡೆಯಿಂದ ಬರುತ್ತಿತ್ತು. ಹೆಸರುಗಳ ಮೊದಲ ಅಕ್ಷರಗಳೇ ಮುಚ್ಚಿಹೋಗುತ್ತಿದ್ದವು. ದೃಶ್ಯವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದೆ. ಒಂದು ಗುಂಡಿ ಒತ್ತಿದರೆ ಆಗುವ ಕೆಲಸ. ಒತ್ತಕ್ಷರ, ದೀರ್ಘಗಳು ತಪ್ಪಿಲ್ಲವೆಂದು ಹೆಸರುಗಳನ್ನು ಎಷ್ಟು ಬಾರಿ ಪರೀಕ್ಷಿಸಿದೆನೋ ಲೆಕ್ಕವಿಲ್ಲ. ಕೈಯನ್ನು ಮಾತ್ರ ಮತ್ತೆ ನೋಡಲಿಲ್ಲ. ಮೊಬೈಲಿನಲ್ಲಿ ಜಾಗ ಸಾಲದ್ದರಿಂದ ಮೂಲ ಚಿತ್ರಿಕೆಯನ್ನು ಅಳಿಸಿದೆ.

ಪ್ರದರ್ಶನಕ್ಕೆ ಮೂರು ವಾರವಿರುವಾಗ ಅಜ್ಜಿ ತೀರಿಕೊಂಡಳು. ರೇಷನ್ ಕಾರ್ಡಿಗೆ ತೆಗೆಸಿದ ಫೋಟೊ ಒಂದನ್ನು ಬಿಟ್ಟರೆ ನಮ್ಮಲ್ಲಿ ಅವಳ ಬೇರೆ ಫೋಟೊ ಇರಲಿಲ್ಲ. ಆ ಕೈಯನ್ನು ನೋಡಲೆಂದೇ ಅಮ್ಮ ನನ್ನೊಡನೆ ಕೋಲಾರಕ್ಕೆ ಬಂದಳು. ಸಭಾಂಗಣದಲ್ಲಿ ಹೆಸರುಗಳು ಮೂಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ತಲೆ ತಗ್ಗಿಸಿ ಕುಳಿತಿದ್ದಳು.

ಹಿಂದಿರುಗುವಾಗ ಬಸ್ಸಿನಲ್ಲಿ, ಚೆನ್ನಾಗಿರಲಿಲ್ಲವೇ ಎಂದು ಅಳುಕುತ್ತಲೇ ಕೇಳಿದೆ. ಅಮ್ಮ ಕಿಟಕಿಯಿಂದ ನನ್ನ ಕಡೆಗೆ ತಿರುಗಿದಳು.

“ಎಲೆ ತುದಿ ಬಲಕ್ಕಿತ್ತಲ್ಲಪ್ಪ. ಮೊನ್ನೆ ತಿಥೀಲಿ ನಮ್ಮಮ್ಮನಿಗೆ ನಾನು ಹಾಕಿದ್ದು ಹಂಗೇನೆ.”

ಉಣ್ಣುವವರ ಎಡಕ್ಕೆ ಎಲೆಯ ತುದಿ ಇರಬೇಕು. ನಮ್ಮಲ್ಲಿ ಬಲಕ್ಕಿಡುವುದು ಸತ್ತವರಿಗೆ ಮಾತ್ರ. ಇದು ನನಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ಅಮ್ಮ ಮತ್ತೆ ಹೇಳಿದಳು: “ನಮ್ಮಮ್ಮ ಎಡಗೈಲಿ ಒಬ್ರಿಗೂ ಬಡಿಸ್ದೋಳಲ್ಲ ಕಣಪ್ಪ.”

ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕುಳಿತು, ಸಿದ್ಧವಾಗಿದ್ದ ಭಾಗವನ್ನೇ ಇನ್ನೊಮ್ಮೆ ತಿರುಗಿಸಿದೆ. ಕೈ ಬಲಗೈಯಾಯಿತು, ತುದಿ ಎಡಕ್ಕೆ ಬಂತು. ಆದರೆ ದೃಶ್ಯದಲ್ಲೇ ಬೆರೆತುಹೋಗಿದ್ದ ಹೆಸರುಗಳು ತಿರುವುಮುರುವಾದವು. ನನ್ನ ಹೆಸರನ್ನು ನನಗೇ ಓದಲಾಗಲಿಲ್ಲ. ಅಕ್ಷರಗಳು ಕೆಟ್ಟಿವೆ ಎಂದು ಅಮ್ಮನಿಗೆ ಮೊದಲೇ ತಿಳಿಸಿದೆ.

“ಇರ್ಲಿ ಬಿಡು, ನನಗೆಲ್ಲಿ ಓದೋಕೆ ಬರುತ್ತೆ,” ಎಂದು ಮೊಬೈಲನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡಳು.

ಉಪ್ಪಿನಿಂದ ಒಬ್ಬಟ್ಟಿನವರೆಗೆ ಕಣ್ಣು ಕೀಳದೆ ನೋಡಿದಳು. ಒಬ್ಬಟ್ಟು ಇಟ್ಟ ಕೈ ಹಿಂದೆ ಸರಿಯಿತು, ಪರದೆ ಕಪ್ಪಾಯಿತು. ಅಮ್ಮ ಮೊಬೈಲನ್ನು ಹಿಂದಿರುಗಿಸದೆ ಕಾದಳು.

“ತುಪ್ಪ ಹಾಕ್ಲಿಲ್ವಾ?” ಎಂದು ಕೇಳಿದಳು.

ಹಾಕಿದಳು ಎಂದೆ. ಐದು ಹೆಸರುಗಳು ಮುಗಿದಿದ್ದರಿಂದ ಅದನ್ನು ನಾನು ಕತ್ತರಿಸಿದ್ದೆ.