ಕಾಲಿಪಾಳ ಉಸಿರು

ಕಾಲಿಪಾ ಎಂಬ ಹೆಸರು ನನ್ನ ಕಿವಿಗೆ ಬಿದ್ದದ್ದು ನನ್ನ ಗಂಡ ಶರ್ಶೆನ್ ತೀರಿಕೊಂಡ ದಿನ. ಬಿಷ್ಕೆಕ್ ನಗರದ ಅಂಚಿನ ಈ ಮನೆಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಸಾವಾದಾಗ ಮಾಡುವ ರೂಢಿಯಂತೆ ಅಂಗಳದಲ್ಲಿ ಕಂಬಳಿ ಡೇರೆ ಕಟ್ಟಿ ಅವರನ್ನು ಮಲಗಿಸಿದ್ದೆವು. ಸತ್ತವರ ಮೇಲೆ ಹಾಡಿಕೊಂಡು ಅಳುವುದು ಹೆಂಗಸರ ಪಾಲಿನದು; ನನಗೋ ದನಿಯೇ ಏಳಲಿಲ್ಲ.

“ನಿಮ್ಮ ಹಿತ್ತಲ ಗೋಡೆಯಾಚೆ ಕಾಲಿಪಾ ಅಂತ ಇದಾಳಂತೆ, ಕರೆಸು. ಅವಳು ಬಾಯಿ ತೆಗೆದ್ರೆ ಕಲ್ಲೂ ಅಳುತ್ತಂತೆ,” ಅಂದಳು ನಾದಿನಿ.

ಬಂದಳು. ಸೊಂಟಕ್ಕೆ ಕೈಕೊಟ್ಟು, ಡೇರೆಯ ಗೋಡೆಗೆ ಮುಖಮಾಡಿ, ಹಾಡಿನ ಎಂಟು ಸಾಲನ್ನು ಒಂದೇ ಉಸಿರಿಗೆ ಎಳೆದಳು. ಅದರ ಬೆನ್ನಿಗೇ ನನ್ನ ಅಳುವೂ ಒಡೆಯಿತು.

ಆಮೇಲೆ ಹದಿನಾಲ್ಕು ಚಳಿಗಾಲ ನಾವು ಅಕ್ಕತಂಗಿಯರಂತಿದ್ದೆವು. ಮನೆಮನೆಗೂ ಕಲ್ಲಿದ್ದಲ ಒಲೆ, ಮಧ್ಯಾಹ್ನವೂ ಎದುರುಮನೆ ಕಾಣದಷ್ಟು ಹೊಗೆ. ಕಲ್ಲಿದ್ದಲು ಸಾಲದೆ ನಾನು ಹೊಲಿಗೆಯವರಿಂದ ಬಟ್ಟೆಚೂರಿನ ಮೂಟೆ ತಂದು ಉರಿಸುತ್ತಿದ್ದೆ. ಒಲೆ ಬೇಗ ಕಾಯುತ್ತಿತ್ತು.

ವರ್ಷ ಕಳೆದಂತೆ ಕಾಲಿಪಾಳ ಒಂದುಸಿರಿನ ಎಂಟು ಸಾಲು ಐದಾಯಿತು, ಮೂರಾಯಿತು. ಹಾಡಿನ ನಡುವೆ ನಿಲ್ಲಿಸಿ ಕೆಮ್ಮುವಳು.

“ಏನಕ್ಕಾ, ಸತ್ತೋರು ಕಾಯ್ತಿದಾರೆ!” ಎಂದು ಛೇಡಿಸಿದೆ.

“ಅವರಿಗೇನೇ ಅವಸರ?”

ಆಸ್ಪತ್ರೆಗೆ ನಾನೇ ಕರೆದೊಯ್ದೆ. ಡಾಕ್ಟರು ಎಕ್ಸ್‌ರೇ ನೋಡಿ, “ಎಷ್ಟು ವರ್ಷದಿಂದ ಸಿಗರೇಟು ಸೇದ್ತೀರಮ್ಮಾ?” ಎಂದರು.

“ನಾನು ಮುಟ್ಟಿಲ್ಲಪ್ಪಾ. ಊರೇ ಸೇದಿ ನನ್ನ ಮುಖಕ್ಕೆ ಬಿಡುತ್ತೆ.”

ಅವರು ನಗಲಿಲ್ಲ. “ವರ್ಷಗಟ್ಟಲೆ ಕುಡಿದ ಹೊಗೆ ಇದು. ಶ್ವಾಸಕೋಶ ಮತ್ತೆ ಮೊದಲಿನ ಹಾಗಾಗಲ್ಲ, ಹೃದಯಾನೂ ದಣಿದಿದೆ. ಚಳಿಗಾಲಕ್ಕಾದ್ರೂ ಬೆಟ್ಟದೂರಿಗೆ ಹೋಗಿ.”

“ಚಳಿಗಾಲದಲ್ಲೇ ಜನ ಜಾಸ್ತಿ ಸಾಯೋದು ಡಾಕ್ಟ್ರೇ. ನಾನು ಹೋದ್ರೆ ಅವರಿಗೆ ಅಳೋರು ಯಾರು?”

ಬೆಟ್ಟಕ್ಕೆ ಹೋಗಲೇ ಇಲ್ಲ. ಆಸ್ಪತ್ರೆಯಿಂದ ಅವಳನ್ನು ಮನೆಗೆ ಬಿಟ್ಟು ಚಹಾ ಕಾಯಿಸುವಾಗ ಅವಳ ಅಡುಗೆಮನೆಯ ಕಿಟಕಿಯನ್ನು ಮೊದಲ ಸಲ ಸರಿಯಾಗಿ ನೋಡಿದೆ. ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿದ್ದಳು. ಅದು ಮಸಿಯಷ್ಟು ಕಪ್ಪು. ಎದುರಿಗೇ ನನ್ನ ಚಿಮಣಿ.

“ಯಾಕಕ್ಕಾ ಒಂದು ದಿನಾನೂ ಹೇಳ್ಲಿಲ್ಲ?”

“ಗಂಡ ಸತ್ತೋಳಿಗೆ ಒಲೆ ಆರ್ಸು ಅಂತ ಯಾವ ಬಾಯಲ್ಲಿ ಹೇಳ್ಲೇ?”

ಬಟ್ಟೆಚೂರು ಅಂದೇ ಬಿಟ್ಟೆ. ಕಲ್ಲಿದ್ದಲನ್ನೂ ಬಿಟ್ಟರೆ ಚಳಿಯಲ್ಲಿ ಬದುಕುವ ಹಾಗಿರಲಿಲ್ಲ, ಅದನ್ನು ಉರಿಸಿದೆ. ಉರಿಸುವಾಗಲೆಲ್ಲ ಆ ಕಿಟಕಿಯ ಕಡೆ ನೋಡುತ್ತಿದ್ದೆ.

ಮುಂದಿನ ಫೆಬ್ರವರಿಯಲ್ಲಿ ಅವಳಿಗೆ ಮಲಗಲೂ ಆಗದಾಯಿತು. ಬೆನ್ನಿಗೆ ಮೂರು ದಿಂಬು ಒಟ್ಟಿ ಕೂರಿಸಿದ್ದೆ. ಒಂದೊಂದೇ ಮಾತಿಗೆ ಉಸಿರು ಕೂಡಿಸಿಕೊಂಡು, ನನ್ನ ಕೈ ಹಿಡಿದು ಕೇಳಿದಳು:

“ನನ್ನ ಡೇರೆ ಕಟ್ಟಿದ ದಿನ... ಒಲೆ ಹಚ್ಬೇಡ ಕಣೇ. ಹೆಂಗಸರಿಗೆ ಅಳೋಕೆ ಉಸಿರು ಬೇಕಲ್ಲ.”