ಛಟಾಕಿನ ಹತ್ತು ಸರದಿ

ತಕ್ಕಡಿಯಕ್ಕನಿಗೆ ಸಿಟ್ಟು ಬರಲು ದೊಡ್ಡ ಕಾರಣ ಬೇಕಿರಲಿಲ್ಲ, ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಆಚೆ ನಿಂತರೆ ಸಾಕಿತ್ತು. ಮೂವತ್ತು ವರ್ಷದಿಂದ ಅಪ್ಪನ ಅಂಗಡಿಯಲ್ಲಿ ಕೂತು ಊರಿನ ತಕ್ಕಡಿಗಳನ್ನು ರಿಪೇರಿ ಮಾಡುತ್ತಿದ್ದಳು. ತಟ್ಟೆಯಡಿ ಅಂಟಿಸಿದ ಅಯಸ್ಕಾಂತ, ಕೊರೆದು ಹಗುರ ಮಾಡಿದ ತೂಕದ ಬಟ್ಟು, ಎಲ್ಲವೂ ಅವಳ ಕೈಗೆ ಸಿಕ್ಕಿಬೀಳುತ್ತಿದ್ದವು. ಅವುಗಳ ಯಜಮಾನರು ಕೇಳಬೇಕಾಗುತ್ತಿದ್ದ ಬೈಗುಳವನ್ನು ತೂಗಲು ಮಾತ್ರ ಸರಿಯಾದ ಬಟ್ಟು ಇನ್ನೂ ತಯಾರಾಗಿರಲಿಲ್ಲ. ನೋಡಲು ಬಂದಿದ್ದ ವರ ವಯಸ್ಸಿನಲ್ಲಿ ಮೂರು ವರ್ಷ ಇಳಿಸಿದ್ದಾನೆಂದು ತಿಳಿದು ಹೊಸಿಲಿನಿಂದಲೇ ವಾಪಸು ಕಳಿಸಿದವಳು. ತೂಕ ನೋಡಿ ಮಾತಾಡು ಎಂದು ತಂಗಿ ಗೋಗರೆದರೆ, ಹೊಟ್ಟೆಪಾಡಿಗೆ ನೋಡುತ್ತಿರುವುದೇ ಅದನ್ನು ಎನ್ನುತ್ತಿದ್ದಳು.

ಇಂಥವಳ ನಾಯಿ ಛಟಾಕು, ಹಳೇ ತೂಕದಲ್ಲಿ ಸೇರಿನ ಹದಿನಾರನೇ ಒಂದು ಪಾಲು. ಅಂಗಡಿ ಬಾಗಿಲಲ್ಲಿ ಸಿಕ್ಕಾಗ ಅಂಗೈಯಗಲದ ಮರಿ, ಈಗ ಹದಿನೆಂಟು ಕಿಲೋ. ಹೆಸರು ಮಾತ್ರ ಬೆಳೆಯಲಿಲ್ಲ.

ನಾಯಿಗಳ ಬುದ್ಧಿಯನ್ನು ಅಭ್ಯಾಸ ಮಾಡುವ ಸಂಶೋಧಕಿಯೊಬ್ಬಳು ಬೀದಿಯ ವಾಚನಾಲಯಕ್ಕೆ ಬಂದು, ವಿಜ್ಞಾನವೆಂದರೆ ಬಿಳಿ ಕೋಟಿನವರ ಆಸ್ತಿಯಲ್ಲ, ನಿಮ್ಮ ಹಜಾರದಲ್ಲೂ ಮಾಡಬಹುದು ಎಂದಿದ್ದಳು. ಎರಡು ಲೋಟ ಬೋರಲು ಹಾಕಿ, ಒಂದರಡಿ ಬಿಸ್ಕತ್ತಿಟ್ಟು, ಅದರತ್ತ ಬೆರಳು ತೋರಿಸಬೇಕು. ನಾಯಿ ಯಾವ ಲೋಟಕ್ಕೆ ಹೋಯಿತೆಂದು ಬರೆಯಬೇಕು. ಹೀಗೆ ಹತ್ತು ಸರದಿ. ಏನೇ ಆಗಲಿ, ಆದದ್ದನ್ನೇ ಬರೆಯಿರಿ ಎಂದು ಎರಡೆರಡು ಸಲ ಹೇಳಿ ಹೋಗಿದ್ದಳು. ಹಾಳೆಗಳನ್ನು ಕೂಡಿಸುವ ಹೊಣೆ ನಿವೃತ್ತ ಮೇಷ್ಟ್ರದು.

ಛಟಾಕಿಗೆ ಬಂದದ್ದು ಐದು. ಕಣ್ಣುಮುಚ್ಚಿ ನುಗ್ಗಿದರೂ ಅಷ್ಟು ಬರುತ್ತಿತ್ತು. ಬೀದಿಯ ಉಳಿದ ನಾಯಿಗಳಿಗೆಲ್ಲ ಒಂಬತ್ತು, ಹತ್ತು. ಎರಡೂ ಕಣ್ಣಿಗೆ ಪೊರೆ ಬಂದ ಮೇಷ್ಟ್ರ ಮುದಿ ನಾಯಿಗೂ ಹತ್ತಕ್ಕೆ ಹತ್ತು.

"ನೋಡಮ್ಮ, ನಿನ್ನ ಐದು ಇಡೀ ಬೀದಿಯನ್ನ ಕೆಳಗೆ ಎಳೀತಿದೆ," ಎಂದರು ಮೇಷ್ಟ್ರು. "ಎಂಟು ಅಂತ ತಿದ್ದು. ಇಲ್ಲಾ ಹಾಳೆ ವಾಪಸ್ ತಗೊ."

"ನಿಮ್ಮ ನಾಯಿಗೆ ಬೆರಳೇ ಕಾಣಲ್ವಲ್ಲ ಮೇಷ್ಟ್ರೇ. ಪರೀಕ್ಷೆ ಬರೆದಿದ್ದು ಅದೋ, ನೀವೋ?"

"ಹದಿಮೂರು ವರ್ಷ ಮನೆ ಕಾದಿದೆ ಕಣಮ್ಮ. ಈ ವಯಸ್ಸಲ್ಲಿ ಅದನ್ನ ಫೇಲ್ ಮಾಡ್ಲಾ?"

ಅಷ್ಟಕ್ಕೇ ಅವಳು ಉರಿದುಬಿದ್ದಳು. ಬಿಸ್ಕತ್ತು ತಿಂದದ್ದು ನಾಯಿಗಳು, ಬಾಲ ಅಲ್ಲಾಡಿಸಿದ್ದು ನೀವು ಎಂದು ವಾಚನಾಲಯದಲ್ಲಿ ಪೇಪರು ಓದುತ್ತಿದ್ದವರನ್ನೂ ಸೇರಿಸಿ ಝಾಡಿಸಿದಳು. ಇಷ್ಟೊಂದು ಸುಳ್ಳಿನ ಮಧ್ಯೆ ತನ್ನ ಐದೇ ತಪ್ಪೆಂದು ಕಂಡು ಕಸದ ಬುಟ್ಟಿ ಸೇರುತ್ತದೆಂಬುದು ಅವಳ ಸಂಕಟ. ಸಂಜೆ ನಾಲ್ಕಕ್ಕೆ ಸಂಶೋಧಕಿ ಬಂದಾಗ ತನ್ನ ಹಾಳೆ ಒಂದೇ ನಿಜ, ಉಳಿದದ್ದೆಲ್ಲ ಬುರುಡೆ ಎಂದು ಅವಳ ಕೈಗೇ ಕೊಡುತ್ತೇನೆಂದು ಸಾರಿ ಎದ್ದುಬಂದಳು.

ಅಂಗಡಿಯಲ್ಲಿ ಬಟ್ಟೊಂದಕ್ಕೆ ಅರ ತಿಕ್ಕುತ್ತಿದ್ದಾಗಲೂ ಬೈಗುಳ ನಿಂತಿರಲಿಲ್ಲ. ತಂಗಿ ಕೇಳುವಷ್ಟು ಕೇಳಿ ಹೇಳಿದಳು:

"ಅಕ್ಕಾ, ಅವತ್ತು ಲೋಟ ಬೋರಲು ಹಾಕಿದ್ದು ನಾನು. ಹದಿಮೂರು ಸಲ ಹಾಕ್ದೆ."

ಅರ ನಿಂತಿತು. ಆ ಮೂರು ಲೆಕ್ಕಕ್ಕಿಲ್ಲ, ಎರಡು ಸಲ ಅದು ಮೈ ಕೆರ್ಕೊಳ್ತಿತ್ತು, ಒಂದು ಸಲ ಹೊರಗೆ ಬೈಕು ಹೋಯ್ತು ಎಂದಳು ಅಕ್ಕ.

"ಸರಿ ಲೋಟಕ್ಕೆ ಹೋದಾಗ್ಲೂ ಕೆರ್ಕೊಂಡಿತ್ತು. ಅದನ್ನ ಮಾತ್ರ ನೀನು ಬರ್ಕೊಂಡೆ."

ಅವತ್ತೇ ಯಾಕೆ ಹೇಳಲಿಲ್ಲ ಎಂದು ಅವಳು ತಂಗಿಯ ಮೇಲೆ ಎಗರಿದಳು. ನಿನಗೆ ಹೇಳುವ ಗಂಡೆದೆ ಈ ಬೀದಿಯಲ್ಲಿ ಯಾರಿಗಿದೆ ಎಂದು ತಂಗಿ ಒಳಗೆ ಹೋದಳು. ಆಮೇಲೆ ಬೈಯಲು ತಾನೊಬ್ಬಳೇ ಉಳಿದಳು. ಆ ಸಿಟ್ಟಿನಷ್ಟು ಕೆಟ್ಟ ಸಿಟ್ಟು ಅವಳಿಗೆ ಹಿಂದೆಂದೂ ಬಂದಿರಲಿಲ್ಲ.

ನಾಲ್ಕಕ್ಕೆ ವಾಚನಾಲಯ ತುಂಬಿತ್ತು, ಅವಳು ಯಾರ ಮಾನ ಕಳೆಯುತ್ತಾಳೆಂದು ನೋಡಲು. ನಿಂತೇ, ಜಗಳಕ್ಕೆ ಬಂದವಳ ದನಿಯಲ್ಲಿ, ಹದಿಮೂರರಲ್ಲಿ ಐದು, ಮೂರು ಸೋಲನ್ನು ನಾನೇ ನುಂಗಿದೆ ಎಂದಳು. ಸಂಶೋಧಕಿ ನಗಲಿಲ್ಲ. ಬಿಟ್ಟ ಸರದಿ ಯಾವುದು, ಯಾಕೆ ಅಂತ ಹಿಂಬದಿಯಲ್ಲಿ ಬರೆಯಿರಿ; ಗೊತ್ತಿದ್ದರೆ ಹಾಳೆ ಕೆಲಸಕ್ಕೆ ಬರುತ್ತದೆ, ಗೊತ್ತಿಲ್ಲದಿದ್ದರೆ ಇಲ್ಲ ಎಂದಳು. ತಕ್ಕಡಿಯಕ್ಕ ಒತ್ತಿ ಬರೆದ ಭರಕ್ಕೆ ಹಾಳೆ ಎರಡು ಕಡೆ ತೂತಾಯಿತು.

ಪೆನ್ನು ಕೆಳಗಿಡುವ ಮೊದಲೇ ಮೇಷ್ಟ್ರು ಕೈಚಾಚಿದರು. ಕಟ್ಟಿನಿಂದ ತಮ್ಮ ಹಾಳೆ ಎಳೆದುಕೊಂಡು ಹಿಂಬದಿಗೆ ತಿರುಗಿಸಿ, ಪೆನ್ನಿನ ಮೊನೆ ಊರಿದರು.

"ಎಷ್ಟು ಸಲ ನಾನೇ ಲೋಟ ಎತ್ತಿಕೊಟ್ಟೆ ಅಂತ ನೆನಪಿಲ್ವಮ್ಮ."

"ಹಾಗಾದ್ರೆ ನೆನಪಿಲ್ಲ ಅಂತ ಬರೀರಿ," ಎಂದಳು ತಕ್ಕಡಿಯಕ್ಕ, ಇನ್ನೂ ಕುದಿಯುತ್ತಲೇ.