ಅಚ್ಚಕ್ಕನ ಸೇಡು

ಹಲ್ಲಿನ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಕಂಡವರ ಹಲ್ಲಿನ ಅಚ್ಚುಗಳಿಗೆ ಪ್ಲಾಸ್ಟರ್ ಸುರಿಯುವವಳನ್ನು ಎಲ್ಲರೂ ಅಚ್ಚಕ್ಕ ಎಂದೇ ಕರೆಯುತ್ತಿದ್ದರು. ಮುಖ ನೋಡಿದರೆ ಗುರುತು ಹಿಡಿಯಲು ತಡವರಿಸುವಳು, ಹಲ್ಲು ನೋಡಿದರೆ ಥಟ್ಟನೆ ಹೇಳಿಬಿಡುವಳು. ಬಾಯಿ ಸತ್ತವಳು ಎಂದು ಅಲ್ಲಿನವರೆಲ್ಲ ತಿಳಿದಿದ್ದರು. ಪಾಪ, ಅವರಿಗೇನು ಗೊತ್ತು!

ಅವಳ ಮಗಳಿಗೆ ಒಂಬತ್ತು ವರ್ಷ, ಆಟಿಸಂ. ಅಳೆದು ತೂಗಿ ಮಾತಾಡುವ ಮಗು. ಮೇಲಿನ ಹಲ್ಲುಗಳು ಎಷ್ಟು ಮುಂದೆ ಬಂದಿದ್ದವೆಂದರೆ ತುಟಿ ಮುಚ್ಚುತ್ತಿರಲಿಲ್ಲ, ಅಗಿಯುವಾಗ ಕೆಳತುಟಿಗೆ ತಾಗಿ ರಕ್ತ ಬರುತ್ತಿತ್ತು. ತಂತಿ ಹಾಕಿಸಲೇಬೇಕಿತ್ತು. ಅದಕ್ಕೆ ಮೊದಲು ಅಚ್ಚು ಬೇಕು. ಟ್ರೇಯಲ್ಲಿ ಗುಲಾಬಿ ಬಣ್ಣದ ಹಿಟ್ಟು ತುಂಬಿ ಬಾಯೊಳಗೆ ಒತ್ತಿ, ಗಟ್ಟಿಯಾಗುವವರೆಗೆ ಎರಡು ನಿಮಿಷ ಹಿಡಿಯಬೇಕು. ದುಡಿಯುವ ಜಾಗವೇ ಅಲ್ಲವೇ ಎಂದು ಅವಳು ಮಗಳನ್ನು ದೊಡ್ಡ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋದಳು.

ಟ್ರೇ ಕಂಡದ್ದೇ ಮಗು ತಲೆ ತಿರುಗಿಸಿತು. ಡಾಕ್ಟರಿಗೆ ಅವಸರ. ಇಬ್ಬರು ನರ್ಸುಗಳನ್ನು ಕರೆದು, ಮಗುವನ್ನು ಶೀಟಿನಲ್ಲಿ ಕತ್ತಿನವರೆಗೆ ಸುತ್ತಿಸಿ, ಅಮ್ಮನನ್ನು ಬಾಗಿಲಾಚೆ ನಿಲ್ಲಿಸಿ, ಹಿಟ್ಟು ತುರುಕಿದರು. ಮಗು ವಾಂತಿ ಮಾಡಿಕೊಂಡಿತು. ಡಾಕ್ಟರು ಕೈ ತೊಳೆಯುತ್ತ ಎಲ್ಲರ ಎದುರಿಗೇ ಅಂದರು: "ಇಂಥ ಮಕ್ಕಳಿಗೆ ಹಲ್ಲು ನೆಟ್ಟಗಿದ್ದು ಏನಾಗ್ಬೇಕಮ್ಮ? ಯಾರು ನೋಡ್ಬೇಕು?"

ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಕೂತಿತು. ಮೂರು ತಿಂಗಳು ಮಗಳು ಬ್ರಷ್ಷನ್ನೂ ಬಾಯಿಗೆ ಮುಟ್ಟಿಸಗೊಡಲಿಲ್ಲ. ಅಲ್ಲಿ ಕೆಲಸ ಬಿಟ್ಟುಬಿಡು ಎಂದ ತಮ್ಮ. ಬಿಡುವುದೇ? ಆ ಮನುಷ್ಯನ ಗಂಟಲಿಗೂ ಒಂದು ದಿನ ಅದೇ ಹಿಟ್ಟು ಇಳಿಸದಿದ್ದರೆ ನನ್ನ ಹೆಸರು ಬೇರೆ ಇಡು ಎಂದಳು ಅಚ್ಚಕ್ಕ.

ಆಸ್ಪತ್ರೆಯಲ್ಲಿ ಆ ಹಿಟ್ಟು ಕಲಸುವ ಪುಡಿ ಡಬ್ಬದ ತಳದಲ್ಲಿ ಉಳಿದದ್ದನ್ನೂ ಒಂದು ಹಳೆಯ ಟ್ರೇಯನ್ನೂ ಕೇಳಿ ಪಡೆದು ಮನೆಗೆ ತಂದಳು. ಮೊದಲು ಖಾಲಿ ಚಮಚ, ಕೆಲವು ವಾರ ಬಿಟ್ಟು ಖಾಲಿ ಟ್ರೇ, ಎಷ್ಟೋ ದಿನಗಳ ಮೇಲೆ ಒಂದಿಷ್ಟು ಹಿಟ್ಟು. ಮಗಳಿಗೆ ಎರಡೇ ನಿಯಮ ಕಲಿಸಿದಳು: ಟ್ರೇ ಹಿಡಿದವರು ಯಾರೇ ಆಗಲಿ, ಮೊದಲು ಅವರ ಬಾಯಿಗೆ, ಆಮೇಲೆ ನಿನ್ನ ಬಾಯಿಗೆ; ಸಾಕೆನಿಸಿ ಕೈ ಎತ್ತಿದರೆ ಟ್ರೇ ಹೊರಗೆ. ತಾನು ಬಾಯಿ ಕೊಟ್ಟಳು. ತಮ್ಮ ಸಿಕ್ಕಿಬಿದ್ದ, ತಮ್ಮನ ಹೆಂಡತಿ ಸಿಕ್ಕಿಬಿದ್ದಳು, ಪಕ್ಕದ ಮನೆಯ ದರ್ಜಿ ಇಲ್ಲದ ನೆಪ ಹೇಳಿದರೂ ಬಿಡಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಎಲ್ಲರ ಹಲ್ಲೂ ಸಾಲಾಗಿ ಕೂತು ಹೋಗಿಬರುವವರನ್ನು ನೋಡಿ ನಗುತ್ತಿದ್ದವು. ಹೀಗೆ ಒಂದೂವರೆ ವರ್ಷ. ಇದರಲ್ಲಿ ಮಗಳಿಗಾಗಿ ಮಾಡಿದ್ದೆಷ್ಟು, ಸೇಡಿಗಾಗಿ ಮಾಡಿದ್ದೆಷ್ಟು ಎಂದು ಕೇಳಿದರೆ ಅವಳೇ ಹೇಳಲಾರಳು.

ಅಪಾಯ ಗೊತ್ತಿತ್ತು. ಊರಿನಲ್ಲಿ ತಂತಿ ಹಾಕುವವರು ಅವರೊಬ್ಬರೇ. ಸಿಟ್ಟಿಗೆದ್ದು ಆಗುವುದಿಲ್ಲ ಅಂದುಬಿಟ್ಟರೆ ಮಗಳ ತುಟಿ ಜೀವನಪೂರ್ತಿ ಗಾಯವಾಗಿಯೇ ಇರಬೇಕು. ಅದಕ್ಕೇ ಅವಳು ದಿನ ನೋಡಿ ಆರಿಸಿದಳು. ಹೊಸದಾಗಿ ಕಲಿಯುವ ಹತ್ತು ಹುಡುಗ ಹುಡುಗಿಯರು ಬಂದಿದ್ದರು. ಇಂಥ ಮಕ್ಕಳಿಗೆ ಚಿಕಿತ್ಸೆ ಮಾಡಲು ಎಷ್ಟು ತಾಳ್ಮೆ ಬೇಕು ಎಂದು ಡಾಕ್ಟರು ಅರ್ಧ ಗಂಟೆ ಕೊರೆದು ಮುಗಿಸಿದ್ದರು. ಆಗ ಮಗಳ ಕೈ ಹಿಡಿದು ಒಳಗೆ ಬಂದಳು. ಈ ಸಲ ಸುಮ್ಮನೆ ಕೂರುತ್ತಾಳೆ ಅಂದಳು. ಡಾಕ್ಟರು ಉತ್ಸಾಹದಿಂದ ಟ್ರೇ ಎತ್ತಿಕೊಂಡರು.

"ಮೊದಲು ನೀವು," ಎಂದಳು ಮಗಳು.

ಡಾಕ್ಟರು ನಕ್ಕರು. ಮಗಳು ನಗಲಿಲ್ಲ, ಕದಲಲೂ ಇಲ್ಲ. ಕಲಿಯುವವರಲ್ಲಿ ಒಬ್ಬಳು, ಸರ್ ಈಗ ತಾನೇ ತಾಳ್ಮೆ ಬೇಕು ಅಂದದ್ದು ಇದಕ್ಕೇ ಅಲ್ಲವೇ ಎಂದು ಪಕ್ಕದವನನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಡಾಕ್ಟರು ಕುರ್ಚಿಯಲ್ಲಿ ಒರಗಿದರು.

ನೀರು ತಣ್ಣಗಿದ್ದಷ್ಟೂ ಹಿಟ್ಟು ಗಟ್ಟಿಯಾಗುವುದು ತಡ. ಅಚ್ಚಕ್ಕ ಫ್ರಿಜ್ಜಿನಿಂದ ಐಸ್ ನೀರು ತಂದು ತೆಳ್ಳಗೆ ಕಲಸಿ, ಟ್ರೇ ತುಂಬ ಹೇರಿ, ಡಾಕ್ಟರ ಬಾಯಿಗೆ ಒತ್ತಿದಳು. ಹಿಟ್ಟು ಗಂಟಲ ಕಡೆ ಜಾರಿತು. ಡಾಕ್ಟರ ಕಣ್ಣಲ್ಲಿ ನೀರು ಬಂತು, ಕಾಲು ಬಡಿದರು. ಅವಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅನುಭವಿಸು, ಇನ್ನೂ ಅನುಭವಿಸು ಎಂದು ಒಳಗೇ ಅಂದುಕೊಂಡಳು. ಎರಡು ನಿಮಿಷ ಕಳೆಯಿತು. ಡಾಕ್ಟರು ಕೈ ಎತ್ತಿದರು. ಅವಳು ಗೋಡೆಯ ಕಡೆ ನೋಡುತ್ತ ಇನ್ನಷ್ಟು ಒತ್ತಿ ಹಿಡಿದಳು.

ಮಗಳು ಅವಳ ತೋಳು ಹಿಡಿದು ಜಗ್ಗಿದಳು. "ಅಮ್ಮ, ಕೈ ಎತ್ತಿದಾರೆ. ತೆಗಿ."

ಮನೆಯಲ್ಲಿ ಕೈ ಎತ್ತಿದ ಕ್ಷಣವೇ ತೆಗೆಯುವುದು. ಒಂದು ದಿನವೂ ಅವಳು ಅದನ್ನು ಮೀರಿರಲಿಲ್ಲ. ಇವತ್ತು ಮೀರಿದರೆ ಮಗಳು ಇನ್ನು ಯಾರನ್ನೂ ನಂಬುವುದಿಲ್ಲ, ತನ್ನನ್ನೂ. ಹಲ್ಲು ಕಚ್ಚಿಕೊಂಡು ಟ್ರೇ ಹೊರಗೆಳೆದಳು. ಇಷ್ಟು ದಿನದ ಸೇಡು ಅರ್ಧಕ್ಕೇ ನಿಂತಿತಲ್ಲ ಎಂದು ಮಗಳ ಮೇಲೂ ಸಿಟ್ಟು ಬಂತು, ಸುಳ್ಳೇಕೆ ಹೇಳಬೇಕು.

ಡಾಕ್ಟರು ಕೆಮ್ಮುತ್ತ ಎದ್ದು ಕೂತು, "ಕೈ ಎತ್ತಿದ್ದು ಕಾಣ್ಲಿಲ್ವೇನಮ್ಮ ನಿಂಗೆ?" ಎಂದು ಗದರಿದರು.

ಅಚ್ಚಕ್ಕನ ನಾಲಿಗೆಯ ತುದಿಯಲ್ಲಿ ಒಂದೂವರೆ ವರ್ಷದ ಮಾತು ಸಿದ್ಧವಾಗಿತ್ತು. ಅಷ್ಟರಲ್ಲಿ ಮಗಳು, ಡಾಕ್ಟರ ಮುಖ ನೋಡದೆ, ಅವರ ಕೈಯನ್ನೇ ನೋಡುತ್ತ, ಅಂಗಡಿಯ ಬೋರ್ಡು ಓದುವ ದನಿಯಲ್ಲಿ ಹೇಳಿದಳು:

"ನನ್ನ ಕೈ ಶೀಟ್ ಒಳಗಿತ್ತು."

ಬರೆದುಕೊಳ್ಳುತ್ತಿದ್ದವರ ಪೆನ್ನುಗಳು ನಿಂತವು. ಡಾಕ್ಟರು ಗಲ್ಲದ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಕುರ್ಚಿಯಿಂದ ಇಳಿದು ಪಕ್ಕಕ್ಕೆ ನಿಂತರು. ಮಗಳು ಹತ್ತಿ ಕೂತು ಬಾಯಿ ತೆರೆದಳು. ಬಲಗೈಯನ್ನು ಮಾತ್ರ ಎಲ್ಲರಿಗೂ ಕಾಣುವ ಹಾಗೆ ಎದೆಯ ಮೇಲೆ ಇಟ್ಟುಕೊಂಡಳು.